ಕ್ಯಾಂಟೀನ್ ಯಂತ್ರದ ಕೆಂಪು ಗೆರೆಗಳು

ನಾನು ವಿದ್ಯಾನಗರದ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಸೇರಿದಾಗ, ಭದ್ರಾವತಿಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಊಟದ ಟೋಕನ್ ಕೊಡುವ ಯಂತ್ರ ತಯಾರಾಗುತ್ತಿತ್ತು. ಕಾರ್ಮಿಕರು ಹೆಸರು ಟೈಪ್ ಮಾಡಿದರೆ ಚೀಟಿ ಬರಬೇಕು. ಅದರ ಪ್ರೋಗ್ರಾಂ ಬರೆದವರು ನಮ್ಮ ಹಿರಿಯ ಎಂಜಿನಿಯರ್. ಅವರ ಕೋಡಿನಲ್ಲಿ ತಪ್ಪು ಹುಡುಕುವುದೆಂದರೆ ಬೀಗರ ಮನೆಯ ಪಾಯಸಕ್ಕೆ ಹೆಸರಿಟ್ಟಂತೆ.

ನಾನು ಹೆಸರಿಟ್ಟೆ. ನನ್ನ ಬಾಯಿಂದಲ್ಲ, ಒಂದು ಟೂಲಿನ ಬಾಯಿಂದ. ಅದು ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ. ಅಕ್ಕಿ ಒಲೆಗೆ ಹೋಗುವ ಮೊದಲೇ ಕಲ್ಲು ಆರಿಸುವ ಅಜ್ಜಿಯ ಹಾಗೆ, ಕೋಡನ್ನು ಓದಿಯೇ ಅಪಾಯವಿರುವ ಕಡೆ ಕೆಂಪು ಗೆರೆ ಎಳೆಯುತ್ತದೆ. ಹಿರಿಯರ ಕೋಡಿನ ತುಂಬ ಕೆಂಪು. ಎಲ್ಲ ಕಡೆಯೂ ಒಂದೇ ಫಂಕ್ಷನ್, ಸ್ಟ್ರ್‌ಕಾಪಿ. ಅಕ್ಷರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಿಯುತ್ತದೆ. ಅಲ್ಲಿ ಜಾಗ ಇದೆಯೇ ಎಂದು ಕೇಳುವ ಸೌಜನ್ಯ ಅದಕ್ಕಿಲ್ಲ. ಜಾಗ ಸಾಲದೆ ಉಕ್ಕಿದರೆ ಯಂತ್ರವೇ ಕೆಟ್ಟು ನಿಲ್ಲಬಹುದು.

"ತಲೆಗೂದಲು ಕಪ್ಪಿದ್ದಾಗಿಂದ ಇದನ್ನೇ ಬರೀತಿದೀನಿ, ಒಂದಿನ ಕೈಕೊಟ್ಟಿಲ್ಲ ಮಾರಾಯ್ತಿ" ಎಂದು ಹಿರಿಯರು ಟೂಲನ್ನೇ ಆಫ್ ಮಾಡಿದರು. ನಾನು ಮತ್ತೆ ಆನ್ ಮಾಡಿದೆ. ಅವರು ನೆಟ್ಟಗೆ ಮಾಲೀಕರ ಹತ್ತಿರ ಹೋದರು.

"ಸೋಮವಾರ ಯಂತ್ರ ಕೊಡ್ಬೇಕು. ಈ ಹುಡುಗಿ ಬರೀ ಅಡ್ಡಗಾಲು ಹಾಕ್ತಾಳೆ. ಪ್ರೊಬೇಷನ್ನಲ್ಲೇ ಮನೆಗೆ ಕಳ್ಸಿಬಿಡಿ."

ನನಗೆ ಹೆದರಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾಲೀಕರು ಇಬ್ಬರನ್ನೂ ಯಂತ್ರದ ಮುಂದೆ ಕರೆದು, "ಏನಮ್ಮಾ ನಿನ್ನ ತಕರಾರು?" ಎಂದರು.

ನಾನು ವಾದ ಮಾಡಲಿಲ್ಲ. ಹಿರಿಯರ ಕಡೆ ತಿರುಗಿ, ಇಲ್ಲದ ವಿನಯವನ್ನೆಲ್ಲ ತಂದುಕೊಂಡು, "ಸರ್, ಮೊದಲ್ನೇ ಚೀಟಿ ನಿಮ್ಮ ಹೆಸರಲ್ಲೇ ಬರ್ಲಿ. ಮದ್ವೆ ಕಾಗದದಲ್ಲಿ ಹಾಕಿಸ್ತಾರಲ್ಲ, ಹಂಗೆ ಪೂರ್ತಿ ಹೊಡೀರಿ" ಎಂದೆ.

ಅವರ ಮುಖ ಅರಳಿತು. ತಮ್ಮ ಊರು ಹೊಳಲೂರಿನಿಂದ ಶುರು ಮಾಡಿದರು. ಆಮೇಲೆ ಮನೆತನ, ಅಜ್ಜನ ಹೆಸರು, ತಂದೆಯ ಹೆಸರು, ಕೊನೆಗೆ ತಮ್ಮದು, ಅದಕ್ಕೊಂದು ಬಾಲ. ಎಂಟರ್ ಒತ್ತಿದರು. ಪರದೆ ಕಪ್ಪಾಯಿತು. ಯಂತ್ರ ಮತ್ತೆ ಕಣ್ಣು ಬಿಡಲಿಲ್ಲ.

"ಇಷ್ಟುದ್ದ ಹೆಸ್ರು ಯಾವ ಮನುಷ್ಯ ಹೊಡೀತಾನೆ!" ಎಂದು ರೇಗಿದರು.

"ಈಗ ನೀವೇ ಹೊಡೆದ್ರಲ್ರೀ" ಎಂದರು ಮಾಲೀಕರು. "ಭದ್ರಾವತೀಲಿ ನಿಮಗಿಂತ ಉದ್ದದೋರು ಸಿಗ್ತಾರೆ. ಊಟದ ಹೊತ್ತಲ್ಲಿ ಇದು ಕೈಕೊಟ್ರೆ ಅವ್ರು ನನ್ನನ್ನೇ ತಿಂತಾರೆ. ಈ ಹುಡುಗಿ ಹೂಂ ಅನ್ನೋವರೆಗೂ ಯಂತ್ರ ಬಾಗಿಲು ದಾಟ್‌ಬಾರ್ದು."

ಕೆಲಸ ಉಳಿಯಿತು. ಕುಣಿಯಬೇಕೆನಿಸಿದರೂ ಗಂಭೀರವಾಗಿ ನನ್ನ ಜಾಗಕ್ಕೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಹಿರಿಯರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ಎಲ್ಲೆಲ್ಲಿ ಕೆಂಪು ಬಂದಿದೆ, ತೋರ್ಸು" ಎಂದರು.

ತೋರಿಸಿದೆ. ಒಂದೊಂದಾಗಿ, ನಿಧಾನವಾಗಿ, ಸಂಜೆಯವರೆಗೂ ತೋರಿಸಿದೆ.