ರಾಗಿ ಪೈರಿನ ಗೋದಲಿ

ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿಯುವಾಗ ಒಂದು ವಾಸನೆ ಏಳುತ್ತದೆ. ಮೊದಲು ಹಸಿ ಹುಲ್ಲಿನದು, ಆಮೇಲೆ ಬೆಲ್ಲ ಕಾಸಿದಂಥದ್ದು. ಮೊನ್ನೆ ಮಗಳಿಗೆ ಹೆರಿಗೆಯಾದ ಮರುದಿನ ಬೆಳಿಗ್ಗೆ ಅವಳ ಗಂಜಿಗೆಂದು ರಾಗಿ ಹುರಿಯುತ್ತ ನಿಂತಿದ್ದೆ. ವಾಸನೆ ಅಡುಗೆಮನೆ ತುಂಬಿಕೊಂಡಿತು. ಕೈ ತಾನಾಗಿ ನಿಂತುಹೋಯಿತು. ಸೌಟು ಹಿಡಿದುಕೊಂಡು ಪಕ್ಕದ ಗೋಡೆಯನ್ನೇ ನೋಡುತ್ತಿದ್ದೆ. ಆಚೆಯಿಂದ "ಸೀಯ್ತಾ ಐತೆ ಕಣವ್ವಾ, ಕೈ ಆಡ್ಸು" ಎಂಬ ಮಾತು ಬರಬೇಕಿತ್ತು... ರಾಗಿ ಸ್ವಲ್ಪ ಸೀದೇ ಹೋಯಿತು.

ಆ ಗೋಡೆಯಾಚೆ ಇದ್ದವರನ್ನು ನಾವು ಪಕ್ಕದ್ಮನೆಯಮ್ಮ ಎಂದೇ ಕರೆಯುತ್ತಿದ್ದೆವು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಅವರದೊಂದೇ. ಕನಕಪುರದ ಕಡೆಯ ಹಳ್ಳಿಯವರು. ನಾನು ಕೈಲಾಂಚದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಇವರು ಬೇರೆ ಥರ ಮಾತಾಡಬಹುದು, ಬೇರೆ ಥರ ಉಣ್ಣಬಹುದು ಅಂದುಕೊಂಡಿದ್ದೆ. ನೋಡಿದರೆ ನಮ್ಮತ್ತೆಯ ಹಾಗೆಯೇ ಮುದ್ದೆ ಮುರಿಯುತ್ತಿದ್ದರು, ನಮ್ಮತ್ತೆಯ ಹಾಗೆಯೇ ಬೈಯುತ್ತಿದ್ದರು. ಕೊರಳಲ್ಲಿ ಜಪಸರ ಇತ್ತು, ಅಷ್ಟೇ ವ್ಯತ್ಯಾಸ. ಇಬ್ಬರಿಗೂ ನುಗ್ಗೆಮರದ ವಿಚಾರಕ್ಕೆ ಸದಾ ಜಗಳ. ಬುಡ ಅವರ ಹಿತ್ತಲಲ್ಲಿ, ಕಾಯಿ ಬಿಡುತ್ತಿದ್ದುದು ನಮ್ಮ ಹಿತ್ತಲಿಗೆ. ಬೆಳಿಗ್ಗೆ ಬೀದಿಗೆ ಕೇಳುವಂತೆ ಜಗಳವಾಡಿ, ಸಂಜೆ ಅದೇ ನುಗ್ಗೆಕಾಯಿಯ ಸಾರನ್ನು ಗೋಡೆಯ ಮೇಲಿಂದ ದಾಟಿಸುತ್ತಿದ್ದರು.

ಪಕ್ಕದ್ಮನೆಯಮ್ಮನ ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು. ಇದ್ದವನು ಒಬ್ಬನೇ ಮಗ, ಅರಗಿನ ಬಣ್ಣದ ಗೊಂಬೆ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಿದ್ದ. ಪ್ರತಿ ಡಿಸೆಂಬರಿನಲ್ಲಿ ತಾಯಿ ಮಗ ಸೇರಿ ಜಗುಲಿಯ ಮೇಲೆ ಗೋದಲಿ ಕಟ್ಟುತ್ತಿದ್ದರು. ಯೇಸು ಹುಟ್ಟಿದ ದನದ ಕೊಟ್ಟಿಗೆ, ಮೇರಿ, ಜೋಸೆಫ್, ಕುರಿಗಳು, ಕುರಿ ಕಾಯುವವರು, ಒಂಟೆಯ ಮೇಲೆ ರಾಜರು. ಕುರಿಗಳ ಹುಲ್ಲುಗಾವಲಿಗೆ ರಾಗಿಯೇ ಆಗಬೇಕು. ಹಬ್ಬ ಹತ್ತಿರ ಬಂದಾಗ ಅಗಲವಾದ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿಯನ್ನು ಒತ್ತೊತ್ತಾಗಿ ಚೆಲ್ಲುತ್ತಿದ್ದರು. ಕ್ರಿಸ್ಮಸ್ ಹೊತ್ತಿಗೆ ಅದು ಬೆರಳುದ್ದ ಹಸಿರಾಗಿ ಎದ್ದು ನಿಲ್ಲುತ್ತಿತ್ತು. ಬಾಲಯೇಸುವಿನ ಜಾಗ ಮಾತ್ರ ಖಾಲಿ. ಆ ಕೂಸನ್ನು ಇಡುತ್ತಿದ್ದುದು ಹಬ್ಬದ ಹಿಂದಿನ ಸಂಜೆಯೇ.

ಮಣ್ಣಿನ ಕೂಸು ಒಂದು ವರ್ಷ ಕೈಜಾರಿ ಒಡೆದುಹೋದಾಗ ಮಗ ತಾನೇ ಮರದಲ್ಲಿ ಒಂದನ್ನು ಕಡೆದು ತಂದಿದ್ದ. ತಿರುಗುವ ಯಂತ್ರದ ಮೇಲೆ ಕಡೆದದ್ದಕ್ಕೆ ಕೈಕಾಲು ಎಲ್ಲಿಂದ ಬರಬೇಕು? ದುಂಡನೆಯ ತಲೆ, ದುಂಡನೆಯ ಮೈ, ಮೇಲೆ ಹಳದಿ ಬಣ್ಣ. ಬಟ್ಟೆ ಸುತ್ತಿ ಮಲಗಿಸಿದ ಹಸುಗೂಸು ಅಂದುಕೊಳ್ಳಬೇಕು. "ಬುಗುರಿ ಥರ ಐತಲ್ಲವ್ವಾ ನಿನ್ ದೇವ್ರು" ಎಂದು ನಮ್ಮತ್ತೆ ನಕ್ಕಿದ್ದರು. ಆ ತಾಯಿ ಮಾತ್ರ ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡುತ್ತಿದ್ದರು.

ಆ ಮಗ ಹೋಗಿಬಿಟ್ಟ. ಮುಂಗಾರು ಶುರುವಾದ ಹೊಸದರಲ್ಲಿ, ಹೆದ್ದಾರಿಯಲ್ಲಿ, ಬೈಕು ಜಾರಿ... ಅದನ್ನು ಬರೆಯುವುದು ಈಗಲೂ ಕಷ್ಟ.

ಆಮೇಲೆ ಪಕ್ಕದ್ಮನೆಯಮ್ಮ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದರು. ಚರ್ಚಿನ ಸ್ವಾಮಿಗಳು ಮನೆಗೆ ಬಂದರೆ ಬಾಗಿಲು ತೆಗೆಯುತ್ತಿರಲಿಲ್ಲ. ಕೊರಳಿನ ಜಪಸರ ಗೋಡೆಯ ಮೊಳೆಗೆ ಹೋಯಿತು. ನಮ್ಮತ್ತೆ ತಟ್ಟೆ ಹಿಡಿದು ಎದುರು ಕೂತರೆ ಎರಡು ತುತ್ತು ಉಣ್ಣುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಒಂದು ದಿನ ಹಾಗೆ ಉಣ್ಣುತ್ತಲೇ ಕೈ ನಿಲ್ಲಿಸಿ ಕೇಳಿದರು:

"ನಾನಿನ್ಯಾಕೆ ಬದ್ಕಿರ್ಬೇಕು, ಒಂದು ಕಾರಣ ಹೇಳು. ಒಂದೇ ಒಂದು."

ನಮ್ಮತ್ತೆ ಉತ್ತರವಿಲ್ಲದೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪೊಲೀಸರು ಬೈದರೂ ತಿರುಗಿ ಎರಡು ಮಾತು ಆಡುತ್ತಿದ್ದ ಹೆಂಗಸು ಅವರು. ಅವತ್ತು ತಟ್ಟೆ ತೊಳೆದು ಮನೆಗೆ ಬಂದು ಮಲಗಿಬಿಟ್ಟರು. ನನಗೂ ಹೆದರಿಕೆಯಾಯಿತು. ಹಾಗೇ ಬಿಟ್ಟರೆ ಆ ಹೆಂಗಸು ವರ್ಷ ದಾಟುವುದಿಲ್ಲ ಅನ್ನಿಸಿತ್ತು.

ದೀಪಾವಳಿ ಕಳೆಯಿತು. "ಈ ಸಲ ಗೋದಲಿ ಇಲ್ಲ. ಆ ಗೊಂಬೆ ಪೆಟ್ಟಿಗೆ ಯಾರೂ ಮುಟ್ಬೇಡಿ. ಆ ಕೂಸ್ನ ನಾನ್ ನೋಡ್ನಾರೆ" ಎಂದರು ಪಕ್ಕದ್ಮನೆಯಮ್ಮ. ನಮ್ಮತ್ತೆ ಹ್ಞೂಂ ಅಂದರು. ಹ್ಞೂಂ ಅಂದವರು ಮರುದಿನವೇ ವಿರೂಪಾಕ್ಷಿಪುರದ ನಮ್ಮ ಹೊಲದಿಂದ ಬಂದಿದ್ದ ಬಿತ್ತನೆ ರಾಗಿ ತೆಗೆದುಕೊಂಡು ಹಿತ್ತಲಿಗೆ ಹೋದರು. ಅಲ್ಲಿ ಒಂದು ಹಳೆಯ ಸಿಮೆಂಟಿನ ತೊಟ್ಟಿ ಬಿದ್ದಿತ್ತು. ಅದಕ್ಕೆ ಮಣ್ಣು ತುಂಬಿದರು. ಕೊಟ್ಟಿಗೆ ಗೊಬ್ಬರ ಬೆರೆಸಿದರು.

"ಅಷ್ಟು ಬೇಗ ಬೇಡ ಅತ್ತೆ, ಅವರು ಹಬ್ಬ ಹತ್ತಿರ ಬಂದಾಗ ತಟ್ಟೆಯಲ್ಲಿ ಹಾಕ್ತಿದ್ರು" ಎಂದೆ.

"ತಟ್ಟೇಲಿ ಯಾರಾರಾ ರಾಗಿ ಹಾಕ್ತಾರಾ? ನೀ ಸುಮ್ಕಿರು" ಎಂದರು. ಹುಟ್ಟಿದಾಗಿನಿಂದ ಹೊಲದಲ್ಲಿ ಬೆಳೆದವರಿಗೆ ನಾನು ಏನು ಹೇಳಲಿ? ರಾಗಿ ಬಿತ್ತಿದ ಮೇಲೆ ಸುಮ್ಮನಿರಲು ಅವರ ಕೈ ಬಿಡಲಿಲ್ಲ. ನಮ್ಮ ಕಡೆ ಹೊಲದಲ್ಲಿ ರಾಗಿಯ ನಡುವೆ ಅವರೆ, ಸಾಸಿವೆ ಹಾಕುತ್ತಾರಲ್ಲ, ಆ ಅಕ್ಕಡಿ ಸಾಲನ್ನು ತೊಟ್ಟಿಯಲ್ಲೂ ಎಳೆದರು. ದಿನಾ ಕಳೆ ಕಿತ್ತರು. ಗುಬ್ಬಿ ಬಂದರೆ ಓಡಿಸಿದರು. ಒತ್ತಾದ ಪೈರನ್ನು ಕಿತ್ತು ಸಡಿಲ ಮಾಡಿದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನನ್ನ ಗಂಡ ಮತ್ತು ಎದುರುಮನೆಯವರು ಆ ತೊಟ್ಟಿಯನ್ನು ಏದುಸಿರು ಬಿಡುತ್ತ ಹೊತ್ತು ಪಕ್ಕದ ಮನೆಯ ಜಗುಲಿಯ ಮೇಲೆ ಇಟ್ಟರು. ಬಾಗಿಲು ಬಡಿದವರು ನಮ್ಮತ್ತೆ.

"ತಗಳವ್ವಾ, ನಿನ್ ದೇವ್ರ ಹೊಲ."

ಪಕ್ಕದ್ಮನೆಯಮ್ಮ ಹೊರಗೆ ಬಂದು ನೋಡಿದರು. ರಾಗಿ ಮಂಡಿಯೆತ್ತರ ಬೆಳೆದಿತ್ತು. ತೊಟ್ಟಿಯ ಅಂಚಿನಿಂದ ಅವರೆಬಳ್ಳಿ ಇಳಿಬಿದ್ದಿತ್ತು. ನಡುವೆ ಸಾಸಿವೆ ಹಳದಿ ಹೂ ಬಿಟ್ಟು ನಿಂತಿತ್ತು.

"ಇದೇನವ್ವಾ ಇದು! ಇದ್ರೊಳಕ್ಕೆ ನನ್ ಕುರಿ ಬುಟ್ರೆ ತಿರ್ಗಾ ಸಿಕ್ತವಾ?"

"ಸಿಗ್ದಿದ್ರೆ ಹೋಗ್ಲಿ ಬುಡು, ಮೇಯ್ಕೊಂಡಿರ್ತವೆ."

ಆ ಹೆಂಗಸು ನಕ್ಕರು. ಮಗ ಹೋದ ಮೇಲೆ ನಾವು ಕೇಳಿದ ಮೊದಲ ನಗು. ಜಗುಲಿಯ ಕಂಬ ಹಿಡಿದುಕೊಂಡು ನಕ್ಕರು, ನಗುತ್ತ ನಗುತ್ತ ಹಾಗೇ ಅಳುವುದಕ್ಕೆ ಶುರುಮಾಡಿದರು, ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಒಳಗೆ ಹೋದರು. ಪೆಟ್ಟಿಗೆಯ ಚಿಲಕ ತೆಗೆದ ಸದ್ದು ಕೇಳಿತು. ನಮ್ಮತ್ತೆ ನನ್ನ ಕೈಯನ್ನು ನೋವಾಗುವ ಹಾಗೆ ಹಿಡಿದುಕೊಂಡಿದ್ದರು.

ಗೊಂಬೆಗಳು ಒಂದೊಂದಾಗಿ ಬಂದವು. ಕುರಿಗಳು ನಿಜವಾಗಿಯೂ ಪೈರಿನಲ್ಲಿ ಮುಳುಗಿಹೋದವು. ಒಂಟೆಯ ಮೇಲೆ ಕೂತ ರಾಜರ ಕಿರೀಟ ಮಾತ್ರ ಕಾಣುತ್ತಿತ್ತು. ಕೊನೆಗೆ ಮರದ ಕೂಸು. ಅದನ್ನು ಸುತ್ತಿದ್ದ ಬಟ್ಟೆ ಮಗನ ಹಳೆಯ ಅಂಗಿಯ ತುಂಡು. ಬಿಚ್ಚಿ ಎದೆಗೆ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಬಗ್ಗಿ, ರಾಗಿಯನ್ನು ಎರಡೂ ಕೈಯಿಂದ ಬಿಡಿಸಿ, ಸಾಸಿವೆಯ ಬುಡದಲ್ಲಿ ಮಲಗಿಸಿದರು.

"ಇಲ್ಲೇ ಇರ್ಲಿ. ಹೊಲ್ದಲ್ಲಿ ಕಳೆ ಕೀಳಾಗ ಕೂಸ್ನ ಹಿಂಗೇ ತಾನೆ ಮಲಗ್ಸೋದು" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಗೊಂಬೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅವರಿಗೆ ಏನೋ ಸರಿಕಾಣಲಿಲ್ಲ.

"ಅಲ್ಲಾ ಕಣವ್ವಾ, ಬರೀ ಗಂಡಸ್ರೇ ಬಂದವ್ರಲ್ಲ! ಕುರಿ ಕಾಯೋರು ಬಂದ್ರು, ರಾಜ್ರು ಬಂದ್ರು, ಚಿನ್ನ ತಂದ್ರು, ಸಾಂಬ್ರಾಣಿ ತಂದ್ರು. ಹಸಿ ಬಾಣಂತಿ, ಕೊಟ್ಟಿಗೇಲಿ ಬಿದ್ದವ್ಳೆ. ಅವಳಿಗೆ ಒಂದ್ ಲೋಟ ಗಂಜಿ ಕೊಡೋಕೆ ಪಕ್ಕದ್ಮನೆಯೋಳು ಅಂತ ಒಬ್ಳೂ ಇರ್ನಿಲ್ವಾ?"

ಎಷ್ಟೋ ವರ್ಷದಿಂದ ಗೋದಲಿ ಕಟ್ಟುತ್ತ ಬಂದವರು ಜಗುಲಿಯ ಮೇಲೆ ಕೂತುಬಿಟ್ಟರು. ಪೈರಿನ ನಡುವೆ ಮಂಡಿಯೂರಿದ್ದ ಮೇರಿಯನ್ನು ನೋಡುತ್ತ ಕೂತೇ ಇದ್ದರು. ಕತ್ತಲಾಗುವ ಮುಂಚೆ ನಾನು ಹಿಟ್ಟು ತರಲು ಹೊರಟಾಗಲೂ ಹಾಗೇ ಕೂತಿದ್ದರು.

ಮರುದಿನ ಅವರು ಜಪಸರ ಹಾಕಿಕೊಂಡು ಚರ್ಚಿನ ಪೂಜೆಗೆ ಹೋಗಿಬಂದರು. ಬಂದವರು ಸೀರೆಯನ್ನೂ ಬದಲಿಸದೆ ನಮ್ಮ ಬಾಗಿಲಿಗೆ ಬಂದರು. "ಒಸಿ ರಾಗಿ ಕೊಡವ್ವಾ. ನೆನೆ ಹಾಕ್ಬೇಕು." ನಮ್ಮತ್ತೆ ಯಾಕೆಂದು ಕೇಳದೆ ಮೊರದ ತುಂಬ ಕೊಟ್ಟರು. ಆ ರಾಗಿ ಮೊಳಕೆ ಬಂದು, ಒಣಗಿ, ಹುರಿದು, ಹಿಟ್ಟಾಗಿ, ಗಂಜಿಯಾಗಿ ಒಂದು ಬೆಳಿಗ್ಗೆ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಯಿತು. ಆಮೇಲೆ ವರ್ಷಾನುಗಟ್ಟಲೆ ಹೋಗುತ್ತಲೇ ಇತ್ತು.

ತವರು ದೂರವಿದ್ದವರು, ಗಂಡನಿಗೆ ರಜೆ ಸಿಗದವರು, ರಾಮನಗರದ ಕಡೆ ರೇಷ್ಮೆ ಬಿಚ್ಚುವ ಕೆಲಸಕ್ಕೆಂದು ಎಲ್ಲಿಂದಲೋ ಬಂದವರು, ಜೊತೆಗೆ ಯಾರೂ ಇಲ್ಲದ ಹೆಣ್ಣುಮಕ್ಕಳು ಅಲ್ಲಿ ಯಾವಾಗಲೂ ಒಬ್ಬರೋ ಇಬ್ಬರೋ ಇರುತ್ತಿದ್ದರು. ಪಕ್ಕದ್ಮನೆಯಮ್ಮ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. "ಉಪ್ಪಾ, ಬೆಲ್ಲವಾ?" ಎಂದಷ್ಟೇ ಕೇಳುತ್ತಿದ್ದರು. ಬಾಣಂತಿ ಕುಡಿಯುವಷ್ಟು ಹೊತ್ತು ಕೂಸನ್ನು ಎತ್ತಿಕೊಂಡಿರುತ್ತಿದ್ದರು. "ಯಾರಮ್ಮಾ ನೀವು?" ಎಂದು ಯಾರಾದರೂ ಕೇಳಿದರೆ ಉತ್ತರ ಯಾವಾಗಲೂ ಒಂದೇ: "ಪಕ್ಕದ್ಮನೆಯೋಳು ಕಣವ್ವಾ." ದಾದಿಯರಿಗೆ ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಕಡೆಕಡೆಗೆ ಇವರು ಒಂದು ದಿನ ಹೋಗದಿದ್ದರೆ ಅವರೇ ಹೇಳಿಕಳಿಸುತ್ತಿದ್ದರು.

ನಾನೂ ಆಗಾಗ ಫ್ಲಾಸ್ಕ್ ಹಿಡಿದುಕೊಂಡು ಜೊತೆಗೆ ಹೋಗುತ್ತಿದ್ದೆ. ಒಮ್ಮೆ ವಾಪಸು ಬರುವಾಗ, ಬಾಯಿ ಸುಮ್ಮನಿರದೆ, "ದೇವರ ಮೇಲಿನ ಕೋಪ ಹೋಯ್ತಾ?" ಎಂದು ಕೇಳಿದೆ.

"ಎಲ್ಲೋಯ್ತದೆ? ಐತೆ ಒಸಿ. ಅವ್ನಿಗೂ ಗೊತ್ತು." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅವರೇ ಮಾತಾಡಿದರು. "ದೊಡ್ಡೋನಾಗೇ ಬಂದಿದ್ರೆ ಜಗಳ ಆಡ್ಬೋದಾಗಿತ್ತು. ಕೂಸಾಗಿ ಬಂದ್ಬುಟ್ಟ. ಕೂಸಿನ ಮೇಲೆ ಎಷ್ಟ್ ದಿನ ಕೋಪ ಮಾಡ್ಕೊಳ್ಳೋದು, ಎತ್ಕೋಬೇಕಾಯ್ತದೆ. ನನ್ ಮಗ ತಿರ್ಗಾ ಸಿಕ್ತಾನೆ ಅಂತ ನಂಬಿವ್ನಿ ನಾನು. ಅವತ್ತು 'ಇಷ್ಟ್ ದಿನ ಏನ್ ಮಾಡ್ತಿದ್ದೆ ಅವ್ವಾ' ಅಂತ ಕೇಳಿದ್ರೆ, ಸುಮ್ಕೆ ಕೂತಿದ್ದೆ ಅನ್ಲಾ?"

ನಾನು ನಮ್ಮ ದೇವರಿಗೆ ಕೈಮುಗಿಯುವವಳು, ಈಗಲೂ ಅಷ್ಟೇ. ಆದರೆ ಅವತ್ತು ಆ ರಸ್ತೆಯಲ್ಲಿ ನಡೆಯುತ್ತ ಅವರ ನಂಬಿಕೆಯನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಮಗ ಹೋದ ವರ್ಷ ಊಟದ ನಡುವೆ ಕೇಳಿದ್ದ ಆ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿತ್ತು.

ಗೋದಲಿಯ ತಟ್ಟೆ ಮಾತ್ರ ಮತ್ತೆ ಹೊರಗೆ ಬರಲಿಲ್ಲ. ಪ್ರತಿ ವರ್ಷ ನಮ್ಮತ್ತೆಯ ತೊಟ್ಟಿಯೇ, ಅಕ್ಕಡಿ ಸಾಲು ಸಮೇತ. ಊರಿನ ಬೇರೆ ಕ್ರೈಸ್ತರು ಬಂದು ನೋಡಿ ನಗುತ್ತಿದ್ದರು. ಅವರಿಗೆಲ್ಲ ಸಾಸಿವೆ ಗಿಡವನ್ನು ಸರಿಸಿ ಕೂಸನ್ನು ತೋರಿಸುವುದು ಪಕ್ಕದ್ಮನೆಯಮ್ಮನಿಗೆ ದೊಡ್ಡ ಸಡಗರ. ನಮ್ಮತ್ತೆ ತೀರಿಕೊಂಡ ವರ್ಷ ತೊಟ್ಟಿಗೆ ರಾಗಿ ಬಿತ್ತಿದವರು ಅವರೇ. ಸಾಲು ಸೊಟ್ಟಗಿತ್ತು.

ಕೆಲವು ವರ್ಷದ ಹಿಂದೆ ಅವರೂ ಹೋದರು. ಹಾಸಿಗೆ ಹಿಡಿದಾಗಲೂ ನನ್ನನ್ನು ಕರೆದು ಕೇಳುತ್ತಿದ್ದುದು ರಾಗಿ ಮೊಳಕೆ ಬಂತಾ ಎಂದು. ಅವರು ಹೇಳಿಹೋಗಿದ್ದ ಹಾಗೆ ಶವಪೆಟ್ಟಿಗೆಯಲ್ಲಿ ಅವರ ಕೈಗಳ ನಡುವೆ ಮಗ ಕಡೆದ ಆ ಮರದ ಕೂಸನ್ನು ಇಟ್ಟೆವು. ಹಳದಿ ಬಣ್ಣ ಹಾಗೇ ಇತ್ತು. ಮನೆ ಯಾರೋ ನೆಂಟರ ಪಾಲಾಯಿತು, ನುಗ್ಗೆಮರ ಕಡಿದರು. ಗಂಜಿಯ ಫ್ಲಾಸ್ಕ್ ನಮ್ಮ ಅಟ್ಟ ಸೇರಿತು. ಮುಂದುವರಿಸಬೇಕಿತ್ತು ಅಂತ ಯಾರೂ ನನಗೆ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ...

ಮೊನ್ನೆ ಸೀದ ರಾಗಿಯನ್ನು ಆರಿಸಿ ತೆಗೆದು, ಉಳಿದದ್ದನ್ನು ಬೀಸಿ ಗಂಜಿ ಕಾಯಿಸಿದೆ. ಅಟ್ಟದಿಂದ ಅವರ ಫ್ಲಾಸ್ಕನ್ನೇ ಇಳಿಸಿದೆ. ಅದು ದೊಡ್ಡದು, ಮಗಳೊಬ್ಬಳಿಗೆ ಜಾಸ್ತಿ. ಆದರೂ ತುಂಬಿಸಿದೆ. ಆಸ್ಪತ್ರೆಯ ದಾರಿಯ ಅಂಗಡಿಗಳಲ್ಲಿ ಕ್ರಿಸ್ಮಸ್ ನಕ್ಷತ್ರಗಳು ತೂಗಾಡುತ್ತಿದ್ದವು. ಮಗಳು ಕುಡಿದು ಮಗ್ಗುಲಾದಳು. ಪಕ್ಕದ ಮಂಚದಲ್ಲಿ ಒಬ್ಬಳು ಹುಡುಗಿ, ಬಗಲಲ್ಲಿ ಕೂಸು, ಹತ್ತಿರ ಯಾರೂ ಇರಲಿಲ್ಲ. ನಮ್ಮ ಫ್ಲಾಸ್ಕಿನ ಕಡೆ ನೋಡಿ ಮುಖ ತಿರುಗಿಸಿಕೊಂಡಳು.

ಇನ್ನೊಂದು ಲೋಟಕ್ಕೆ ಬಗ್ಗಿಸಿದೆ. "ಉಪ್ಪಾ, ಬೆಲ್ಲವಾ?" ಎಂದೆ. ಬೆಲ್ಲ ಎಂದಳು. ಕೂಸನ್ನು ನಾನು ಎತ್ತಿಕೊಂಡೆ. ಅವಳು ಎರಡು ಗುಟುಕು ಕುಡಿದು ತಲೆಯೆತ್ತಿದಳು.

"ಯಾರಮ್ಮಾ ನೀವು?"

"ಪಕ್ಕದ್ಮನೆಯೋಳು ಕಣವ್ವಾ" ಎಂದೆ. ಅಂದವಳೇ ಯಾಕೋ ವಾರ್ಡಿನ ಬಾಗಿಲ ಕಡೆ ನೋಡಿದೆ. ಅವರು ಬರುತ್ತಿದ್ದ ಹೊತ್ತು ಅದು. ಕೂಸನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡು, ಹುಡುಗಿ ಕುಡಿದು ಮುಗಿಸುವವರೆಗೆ ಅಲ್ಲೇ ನಿಂತೆ.