ಸದ್ದಿಲ್ಲದ ಕುರ್ಚಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೈದ್ಯಕೀಯ ಕಾಲೇಜಿನ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು, ಫ್ಲಾಸ್ಕಿನಿಂದ ಎರಡು ಗುಟುಕು ಬಿಸಿನೀರು ಕುಡಿದು, ಕೆಮ್ಮಲು ಶುರು ಮಾಡುತ್ತಾರೆ. ಮೊದಲು ಒಣಕೆಮ್ಮು. ಆಮೇಲೆ ಎದೆಯ ಆಳದಿಂದ ಕಿತ್ತುಕೊಂಡು ಬರುವಂಥದ್ದು. ಅದು ಒಪ್ಪಿಗೆಯಾಗದೆ ತಲೆಯಾಡಿಸಿ ಮತ್ತೊಮ್ಮೆ ಕೆಮ್ಮುತ್ತಾರೆ.

"ಅಕ್ಕ, ಇದು ಹೊಸದು," ಎನ್ನುತ್ತಾರೆ ಮೇಜಿನ ಕೆಳಗೆ ತೂರಿ ತಂತಿ ಜೋಡಿಸುತ್ತಿರುವ ತಂತ್ರಜ್ಞ. "ಹಳೇ ಕೆಮ್ಮು ಎಲ್ಲಿ ಹೋಯ್ತು?"

"ಅದು ನಂದಲ್ಲಪ್ಪ. ಯಾರದ್ದೋ ಅವರಿಗೆ ವಾಪಸ್ ಕೊಟ್ಟೆ. ಇದು ನಮ್ಮ ಬೀದಿ ವಾಚ್‌ಮನ್ನಿಂದು."

ತಂತ್ರಜ್ಞ ಎದ್ದು, ದಪ್ಪ ಕನ್ನಡಕದಂಥ ಹೆಡ್‌ಸೆಟ್ ಅನ್ನು ಬಟ್ಟೆಯಿಂದ ಒರೆಸಿ, ಅವರ ತಲೆಗೆ ಕಟ್ಟುತ್ತಾರೆ. ಜಡೆ ಸಿಕ್ಕಿಕೊಳ್ಳದಂತೆ ಪಟ್ಟಿಯನ್ನು ಎಲ್ಲಿ ಸಡಿಲ ಬಿಡಬೇಕು ಎಂಬುದು ಅವರಿಗೆ ಅಭ್ಯಾಸವಾಗಿದೆ. ಈ ಕೋಣೆಯಲ್ಲಿ ಅವರು ಕೇಬಲಣ್ಣ, ಈಕೆ ಪೇಶೆಂಟಕ್ಕ. ಹೊರಗೆ ಹೆಸರಿದ್ದರೂ ಒಳಗೆ ಯಾರೂ ಬಳಸುವುದಿಲ್ಲ.

ಪೇಶೆಂಟಕ್ಕನ ಕೆಲಸ ಕಾಯಿಲೆ ಬೀಳುವುದು. ಈ ಕಾಲೇಜು ಕಂಪ್ಯೂಟರಿನೊಳಗೊಂದು ಆಸ್ಪತ್ರೆ ಕಟ್ಟಿದೆ. ವಾರ್ಡು, ಹಾಸಿಗೆ, ಕಿಟಕಿ, ಗೋಡೆ ಗಡಿಯಾರ, ಎಲ್ಲವೂ ಉಂಟು; ಮುಟ್ಟಲು ಹೋದರೆ ಏನೂ ಇಲ್ಲ. ವಿದ್ಯಾರ್ಥಿಗಳು ತಮ್ಮ ಹಾಸ್ಟೆಲಿನಲ್ಲೋ ಮನೆಯಲ್ಲೋ ಕೂತು ಒಂದು ಲಿಂಕ್ ಒತ್ತಿದರೆ ಸಾಕು, ಬಿಳಿಕೋಟು ತೊಟ್ಟು ವಾರ್ಡಿನೊಳಗೆ ಬಂದುಬಿಡುತ್ತಾರೆ. ದೂರದ ಊರುಗಳ ಕಾಲೇಜಿನವರೂ ಬರುತ್ತಾರೆ. ಹಗಲೆಲ್ಲ ಅವರಿಗೆ ನಿಜವಾದ ಆಸ್ಪತ್ರೆಯ ಓಡಾಟ, ಆದ್ದರಿಂದ ಈ ಪಾಠ ಸೂರ್ಯ ಹುಟ್ಟುವ ಹೊತ್ತಿಗೆ. ಅಲ್ಲಿ ಮಲಗಿರುವ ರೋಗಿಯ ಕೈ ಆಡುವುದು ಪೇಶೆಂಟಕ್ಕನ ಕೈ ಆಡಿದಂತೆ. ಮಾತಾಡುವುದು ಅವರ ಗಂಟಲು. ಯಂತ್ರ ಆ ಧ್ವನಿಯನ್ನು ಒಮ್ಮೆ ಮುದುಕನದಾಗಿ, ಒಮ್ಮೆ ಬಸುರಿಯದಾಗಿ ಬದಲಿಸುತ್ತದೆ. ಎದುರಿಗಿರುವವರು ಯಾರು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಾಗಬಾರದು. ಅದು ಇಲ್ಲಿನ ಕಟ್ಟುನಿಟ್ಟಿನ ನಿಯಮ.

"ಬರೋ ಡಾಕ್ಟ್ರುಗಳಿಗೆ ಕಾಲೇ ಇಲ್ಲ ಕಣ್ರೀ," ಎಂದು ಪೇಶೆಂಟಕ್ಕ ನಗುತ್ತಾರೆ. "ಸೊಂಟದಿಂದ ಮೇಲೆ ಮಾತ್ರ. ತೇಲ್ಕೊಂಡು ಬರ್ತಾವೆ. ಮೊದಮೊದಲು ನಂಗೆ ನಗು ತಡ್ಕೊಳಕ್ಕೇ ಆಗ್ತಿರ್ಲಿಲ್ಲ. ಹೊಟ್ಟೆನೋವಿನ ಪೇಶೆಂಟು ಕಿಸಕ್ ಅಂದ್ರೆ ಹೇಗಿರತ್ತೆ ಹೇಳಿ!"

ಇವತ್ತು ನಗು ಕಡಿಮೆ. ಗೋಡೆಯ ಬೋರ್ಡಿನ ಮೇಲೆ ಬೆಳಗಿನ ಪಾಠಗಳ ಕೊನೆಯಲ್ಲಿ 'ಸುದ್ದಿ' ಎಂದು ಬರೆದಿದೆ. ಕೆಮ್ಮುತ್ತ ಬಂದ ಮುದುಕನಿಗೆ ಅವನ ಶ್ವಾಸಕೋಶದಲ್ಲಿ ಗಂಟಿದೆ, ಅದು ಒಳ್ಳೆಯದಲ್ಲ ಎಂದು ತಿಳಿಸುವ ಪಾಠ ಅದು. ಏಳು ವಾರಗಳಿಂದ ಪೇಶೆಂಟಕ್ಕ ಅದನ್ನು ಮಾಡಿಲ್ಲ. ಇವತ್ತು ಕೊನೆಯವರೆಗೂ ಮಾಡಿದರೆ ಪಾಠ ಅವರದೇ. ನಡುವೆ ನಿಲ್ಲಿಸಿದರೆ ತಾನೇ ಮಾತಾಡುವ ಯಂತ್ರಕ್ಕೆ ಕಾಯಂ ಆಗಿ ಹೋಗುತ್ತದೆ.

ಯಂತ್ರಕ್ಕೆ ಕೆಲಸ ಬಿಟ್ಟುಕೊಡುವುದು ಅವರಿಗೆ ಹೊಸದಲ್ಲ. ಹತ್ತೊಂಬತ್ತು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳಿದವರು ಅವರು. ಒಂದು ದಿನ ಯಾರೋ ಬಂದು ಊರುಗಳ ಹೆಸರು, ಅಂಕಿಗಳನ್ನೆಲ್ಲ ಅವರಿಂದ ಹೇಳಿಸಿ ರೆಕಾರ್ಡ್ ಮಾಡಿಕೊಂಡು ಹೋದರು. ನೀರು ಕೊಟ್ಟು, ಟೀ ಕೊಟ್ಟು, ಬಹಳ ಮರ್ಯಾದೆಯಿಂದ ನಡೆಸಿಕೊಂಡರು. ಅದಾದ ಮೇಲೆ ಗೂಡಿಗೆ ಬೀಗ ಬಿತ್ತು. ಧ್ವನಿ ಈಗಲೂ ಅಲ್ಲೇ ದುಡಿಯುತ್ತಿದೆ.

ಶಾಲಾ ವ್ಯಾನಿನ ಚಾಲಕರಾದ ಅವರ ಗಂಡನಿಗೆ ಇದು ಮುಗಿಯದ ತಮಾಷೆ. "ಮನೇಲಿ ನನ್ನ ಮೇಲೆ ಹಾರಾಡ್ತಾಳೆ. ಬಸ್ ಸ್ಟ್ಯಾಂಡಿಗೆ ಹೋದ್ರೆ 'ಪ್ರಯಾಣಿಕರು ದಯವಿಟ್ಟು ಗಮನಿಸಿ' ಅಂತಾಳೆ. ಒಂದ್ಸಲನಾದ್ರೂ ನಂಗೆ ದಯವಿಟ್ಟು ಅಂದಿದ್ದಾಳಾ ಕೇಳಿ!"

ಮಾತು ಸ್ಪಷ್ಟವಾಗಿರುವ, ರೋಗಿಯ ಪಾತ್ರ ಮಾಡಬಲ್ಲವರು ಬೇಕು ಎಂದು ಕಾಲೇಜು ಹುಡುಕುತ್ತಿದ್ದಾಗ, ನಿಲ್ದಾಣದ ಹಳೆಯ ಗೆಳತಿಯೊಬ್ಬಳು ಇವರನ್ನು ಕಳಿಸಿದಳು. ಮೊದಲ ದಿನ ಹೆಡ್‌ಸೆಟ್ ಹಾಕಿದ ಐದೇ ನಿಮಿಷಕ್ಕೆ ತಲೆ ಗಿರ್ರನೆ ತಿರುಗಿ, ಬಕೆಟ್ ತರಿಸುವಂತಾಯಿತು. ಪಾಠದ ಹೊಣೆ ಹೊತ್ತ ಪ್ರಾಧ್ಯಾಪಕಿ ಓಡಿಬಂದು ನಾಡಿ ಹಿಡಿದರು. "ಕೆಲಸಕ್ಕೆ ಸೇರೋಕ್ಕೆ ಮುಂಚೆನೇ ಪೇಶೆಂಟ್ ಆದೆ," ಎನ್ನುತ್ತಾರೆ ಪೇಶೆಂಟಕ್ಕ. ವಾರ ಕಳೆಯುವಷ್ಟರಲ್ಲಿ ತಲೆ ಆ ಲೋಕಕ್ಕೆ ಒಗ್ಗಿಕೊಂಡಿತು.

ಈಗ ಬೆಳಗಿಗೆ ಎಂಟು ಹತ್ತು ಮಂದಿ ವಿದ್ಯಾರ್ಥಿಗಳು. ಮೊದಲನೆಯವನಿಗೆ ಎಲ್ಲಿ ನೋವೆಂದರೋ ಕೊನೆಯವಳಿಗೂ ಅಲ್ಲೇ ನೋವಿರಬೇಕು. ಒಬ್ಬರಿಗೆ ಸಲೀಸು, ಇನ್ನೊಬ್ಬರಿಗೆ ಕಷ್ಟ ಆಗುವಂತಿಲ್ಲ. ಸಂಜೆ ಗಂಡ ವ್ಯಾನು ನಿಲ್ಲಿಸಿ ಮನೆಯೊಳಗೆ ಬರುತ್ತಲೇ ಕೇಳುವುದು ಒಂದೇ ಪ್ರಶ್ನೆ: "ಇವತ್ತೇನು ಕಾಯಿಲೆ ನಿಂದು?" "ಪಿತ್ತಕೋಶದಲ್ಲಿ ಕಲ್ಲು." "ಅಯ್ಯೋ, ಹಾಗಾದ್ರೆ ಅಡುಗೆ ಆಗಿಲ್ಲ ಅನ್ನು."

ಸುದ್ದಿ ಪಾಠ ಬಂದಾಗ ವಾರ್ಡಿನಲ್ಲಿ ಕುರ್ಚಿ ಇರಲಿಲ್ಲ. ವಿದ್ಯಾರ್ಥಿಗಳು ಹಾಸಿಗೆಯ ಪಕ್ಕ ತೇಲಿಕೊಂಡು, ಮೇಲಿನಿಂದ ಹೇಳಿ ಹೋಗುತ್ತಿದ್ದರು. ಪ್ರಾಧ್ಯಾಪಕಿ ತರಗತಿಯಲ್ಲಿ ಎಷ್ಟು ಸಲ ತಿದ್ದಿದರೂ ಕೂರಲು ಜಾಗವೇ ಇಲ್ಲದ ಮೇಲೆ ಪಾಪ ಅವರಾದರೂ ಏನು ಮಾಡಬೇಕು? ಪೇಶೆಂಟಕ್ಕ ಕೇಬಲಣ್ಣನಿಗೆ ಗಂಟುಬಿದ್ದರು. "ಅಷ್ಟು ದೊಡ್ಡ ಆಸ್ಪತ್ರೆ ಕಟ್ಟಿದ್ದೀಯ, ಒಂದು ಕುರ್ಚಿಗೆ ಬರ ಬಂತಾ?" ಆತ ಎರಡು ದಿನ ಕೂತು ಕುರ್ಚಿ ಮಾಡಿದರು. ಆ ಕುರ್ಚಿಯನ್ನು ಹಾಸಿಗೆಯ ಬಳಿಗೆ ಎಳೆದುಕೊಂಡು, ಕೂತು, ಸ್ವಲ್ಪ ಸುಮ್ಮನಿದ್ದು, ಆಮೇಲೆ ಬಾಯಿ ಬಿಡಬೇಕು ಎಂದು ಪ್ರಾಧ್ಯಾಪಕಿ ಕಲಿಸತೊಡಗಿದರು. ಅಂಕ ಕೊಡುವಾಗ ಪೇಶೆಂಟಕ್ಕನೂ ಅದನ್ನೇ ನೋಡುತ್ತಾರೆ.

ಈ ವರ್ಷ ಮುದುಕನಿಗೆ ಹೊಸ ಕೆಮ್ಮು ಬೇಕೆನಿಸಿದಾಗ ಅವರು ದೂರ ಹೋಗಿ ಹುಡುಕಲಿಲ್ಲ. ಬೆಳಗ್ಗೆ ಎದ್ದೊಡನೆ ಬಚ್ಚಲಮನೆಯಲ್ಲಿ ಗಂಡ ಕೆಮ್ಮುತ್ತಿದ್ದರಲ್ಲ, ಅದನ್ನೇ ಎತ್ತಿಕೊಂಡರು. ಕೊನೆಯಲ್ಲಿ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು, ಅದನ್ನೂ ಬಿಡಲಿಲ್ಲ. ಗಂಡನಿಗೆ ಹೆಮ್ಮೆಯೋ ಹೆಮ್ಮೆ. "ನನ್ನ ಕೆಮ್ಮು ಕಾಲೇಜು ಮೆಟ್ಟಿಲು ಹತ್ತಿತು, ನಾನು ಹತ್ತಲಿಲ್ಲ," ಎಂದು ವ್ಯಾನಿನ ಮಕ್ಕಳಿಗೂ ಹೇಳಿಕೊಂಡು ಓಡಾಡಿದರು.

"ಎಷ್ಟು ದಿನದಿಂದ ಕೆಮ್ಮು?" ಇದು ಪ್ರತಿ ವಿದ್ಯಾರ್ಥಿಯೂ ಕೇಳುವ ಪ್ರಶ್ನೆ. "ಎರಡು ತಿಂಗಳಾಯ್ತು ಡಾಕ್ಟ್ರೇ. ಬರೀ ಶೀತ ಅಂದ್ಕೊಂಡೆ" ಎಂಬುದು ಬರೆದುಕೊಟ್ಟ ಉತ್ತರ. ಎಷ್ಟು ಜನರಿಗೆ ಹೇಳಿದರೋ ಲೆಕ್ಕವಿಲ್ಲ. ಒಂದು ಬೆಳಗ್ಗೆ ಅದೇ ಉತ್ತರ ಹೇಳಿ ಮುಗಿಸುವಾಗ ಅವರಿಗೆ ಥಟ್ಟನೆ ಹೊಳೆಯಿತು: ಮನೆಯಲ್ಲೂ ಎರಡು ತಿಂಗಳಾಗಿತ್ತು.

"ಆ ಕೆಮ್ಮನ್ನ ನನ್ನಷ್ಟು ಕಿವಿಗೊಟ್ಟು ಕೇಳಿದವರು ಇನ್ಯಾರೂ ಇಲ್ಲ," ಎನ್ನುತ್ತಾರೆ, ಸೀರೆಯ ಅಂಚಿನ ಒಂದು ನೂಲನ್ನು ಬೆರಳಿಗೆ ಸುತ್ತುತ್ತ. "ಚೆನ್ನಾಗಿ ಬರ್ಬೇಕು ಅಂತ ಕೇಳಿದೆ. ಯಾಕೆ ಬರ್ತಿದೆ ಅಂತ ಕೇಳ್ಲೇ ಇಲ್ಲ."

ಅವತ್ತೇ ಸಂಜೆ ಗಂಡನನ್ನು ಹೊರಡಿಸಿಕೊಂಡು ಆಸ್ಪತ್ರೆಗೆ ಹೋದರು. ಎಕ್ಸ್‌ರೇ, ಸ್ಕ್ಯಾನು, ಸೂಜಿ ಚುಚ್ಚಿ ತೆಗೆದ ತುಣುಕು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಇಬ್ಬರೂ ವರದಿಗಾಗಿ ಕಾಯುತ್ತಿದ್ದಾಗ ಒಬ್ಬ ಯುವ ವೈದ್ಯ ಬಂದರು. ಗಂಟಲು ಸರಿಮಾಡಿಕೊಂಡ ರೀತಿಗೇ ಪೇಶೆಂಟಕ್ಕನಿಗೆ ಗುರುತು ಸಿಕ್ಕಿತು: ಹಿಂದಿನ ವರ್ಷ ಸುದ್ದಿ ಪಾಠದಲ್ಲಿ ತಡವರಿಸಿ, ಎರಡನೇ ಸಲಕ್ಕೆ ತೇರ್ಗಡೆಯಾಗಿದ್ದ ಹುಡುಗ. ಆತನಿಗೆ ಇವರು ಯಾರೋ ಒಬ್ಬ ರೋಗಿಯ ಹೆಂಡತಿ.

ಆ ಯುವಕ ಸುತ್ತ ನೋಡಿದರು. ಪಕ್ಕದ ಹಾಸಿಗೆಯ ಹತ್ತಿರ ಕಬ್ಬಿಣದ ಸ್ಟೂಲಿತ್ತು, ಒಂದು ಕಾಲಿನ ರಬ್ಬರು ಕಳಚಿತ್ತು. ಅದನ್ನು ಹಿಡಿದು ಎಳೆದರು. ಕರ್ರ್ ಎಂಬ ಸದ್ದು ವಾರ್ಡಿನ ಆ ತುದಿಯಿಂದ ಈ ತುದಿಯವರೆಗೂ ಕೇಳಿಸಿತು.

"ಅಷ್ಟೇ. ನಂಗೆ ಎಲ್ಲ ಗೊತ್ತಾಗಿಹೋಯ್ತು," ಎನ್ನುತ್ತಾರೆ ಅವರು. "ಒಳ್ಳೇ ಸುದ್ದಿ ಆಗಿದ್ರೆ ನಿಂತೇ ಹೇಳ್ತಿದ್ದ."

ವೈದ್ಯ ಕೂತರು. ಸ್ವಲ್ಪ ಸುಮ್ಮನಿದ್ದರು. ಕಲಿಸಿದ್ದರಲ್ಲಿ ಒಂದನ್ನೂ ಬಿಡದೆ, ಅವಸರಪಡದೆ ಹೇಳಿದರು. ಪೇಶೆಂಟಕ್ಕ ಹಾಸಿಗೆಯ ಕಂಬಿ ಹಿಡಿದುಕೊಂಡೇ ಇದ್ದರು. "ನಂಗೇ ಬಂದ್ರೆ ಹೇಗೆ ಕೇಳಿಸ್ಕೊಬೇಕು ಅಂತ ಚೆನ್ನಾಗಿ ರೂಢಿ ಆಗಿತ್ತು. ಪಕ್ಕದಲ್ಲಿ ನಿಂತು ಕೇಳೋದು ಅಭ್ಯಾಸ ಆಗಿರ್ಲಿಲ್ಲ."

ವೈದ್ಯ ಎದ್ದು ಹೋದ ಮೇಲೆ ಗಂಡ ಮೆಲ್ಲಗೆ ಕೇಳಿದರು: "ಏನೇ, ಹುಡುಗ ಪಾಸಾ?"

ಆ ಪ್ರಶ್ನೆಯನ್ನು ಹಾಗೇ ಬಿಟ್ಟು, ಪೇಶೆಂಟಕ್ಕ ಅವರ ಹೊದಿಕೆ ಸರಿಪಡಿಸಿದರು. 'ಇವತ್ತೇನು ಕಾಯಿಲೆ ನಿಂದು' ಎಂದು ಗಂಡ ಕೇಳುವುದೂ ಅವತ್ತಿಗೆ ನಿಂತುಹೋಯಿತು.

ಚಿಕಿತ್ಸೆ ಶುರುವಾಯಿತು. ಬೇಗ ಬಂದಿದ್ದು ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದ್ದಾರೆ. ಅದಕ್ಕಿಂತ ಹೆಚ್ಚಿಗೆ ಹೇಳಿಲ್ಲ. ಪೇಶೆಂಟಕ್ಕ ಹೊಟ್ಟೆನೋವು, ಮಂಡಿನೋವುಗಳಿಗೆ ಮರಳಿದರು, ಸುದ್ದಿ ಪಾಠದ ಹತ್ತಿರ ಸುಳಿಯಲಿಲ್ಲ. ಅಷ್ಟು ದಿನ ಅದನ್ನು ಯಂತ್ರದ ರೋಗಿ ನಡೆಸಿಕೊಟ್ಟಿತು. "ಯಂತ್ರ ಕೆಟ್ಟದಾಗೇನೂ ಮಾಡ್ತಿಲ್ಲ, ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ ಪ್ರಾಧ್ಯಾಪಕಿ. "ಅದಕ್ಕೆ ನೋವಾಗಲ್ಲ, ಇವರಿಗೆ ಆಗತ್ತೆ. ನನ್ನ ವಿದ್ಯಾರ್ಥಿಗಳಿಗೋಸ್ಕರ ಇವರ ಗಾಯ ಕೆರೆಯೋದು ನಂಗೆ ಸರಿ ಕಾಣಲ್ಲ." ಒಂದೇ ಒಂದು ಸಲ ಮಾಡಿ ನೋಡುತ್ತೇನೆ ಎಂದು ಪಟ್ಟುಹಿಡಿದವರು ಪೇಶೆಂಟಕ್ಕನೇ. ಯಾಕೆಂದು ಕೇಳಿದರೆ, "ಏನೋ ಒಂದು ಸರಿಯಾಗಿಲ್ಲ ಅನ್ಸತ್ತೆ. ಒಳಗೆ ಹೋದ್ರೇ ಗೊತ್ತಾಗೋದು," ಎಂದಷ್ಟೇ ಹೇಳಿದ್ದರು.

ಬೋರ್ಡಿನಲ್ಲಿ ಉಳಿದದ್ದೆಲ್ಲ ಮುಗಿದಿದೆ. ಪ್ರಾಧ್ಯಾಪಕಿ ಬಂದು ಬಾಗಿಲ ಬಳಿ ನಿಂತಿದ್ದಾರೆ. ಕೇಬಲಣ್ಣನ ಕೈ ನಿಲ್ಲಿಸುವ ಗುಂಡಿಯ ಮೇಲಿದೆ. "ಅಕ್ಕ, ಕೈ ಎತ್ತಿದ್ರೆ ಸಾಕು, ಆಫ್ ಮಾಡ್ಬಿಡ್ತೀನಿ."

"ನೀನು ಸುಮ್ನೆ ಕೂತ್ಕೊ. ಗಡಿಬಿಡಿ ಮಾಡ್ಬೇಡ."

ಪರದೆಯ ಮೇಲೆ ವಾರ್ಡು ಕಾಣುತ್ತದೆ. ಮುದುಕ ವಾಚ್‌ಮನ್ನನ ಕೆಮ್ಮು ಕೆಮ್ಮುತ್ತಾನೆ. ವಿದ್ಯಾರ್ಥಿನಿಯೊಬ್ಬಳು ತೇಲಿ ಬಂದು ನಮಸ್ಕಾರ ಹೇಳುತ್ತಾಳೆ, ಕುರ್ಚಿಯನ್ನು ಹಾಸಿಗೆಯ ಬಳಿಗೆ ಎಳೆಯುತ್ತಾಳೆ, ಕೂರುತ್ತಾಳೆ. ಎಲ್ಲ ಸರಿಯಾಗಿದೆ. ಪೇಶೆಂಟಕ್ಕನ ಭುಜ ಮಾತ್ರ ಬಿಗಿಯುತ್ತದೆ. ಬರಲಿರುವ ಏನನ್ನೋ ಕಾಯುವಂತೆ ತಲೆ ಒಂದು ಕಡೆ ವಾಲುತ್ತದೆ. ಏನೂ ಬರುವುದಿಲ್ಲ.

ಹುಡುಗಿ ಸುದ್ದಿ ಹೇಳುತ್ತಾಳೆ. ಇಲ್ಲಿ ಮುದುಕ "ಅಂದ್ರೆ ಏನು ಡಾಕ್ಟ್ರೇ?" ಎನ್ನಬೇಕು. ಮುದುಕ ಮಾತಾಡುವುದಿಲ್ಲ. ಹೆಡ್‌ಸೆಟ್ಟಿನ ಅಂಚಿನಿಂದ ಒಂದು ಹನಿ ಇಳಿದು ಪೇಶೆಂಟಕ್ಕನ ಗಲ್ಲದಲ್ಲಿ ನಿಲ್ಲುತ್ತದೆ. ಕೇಬಲಣ್ಣ ಪ್ರಾಧ್ಯಾಪಕಿಯ ಮುಖ ನೋಡುತ್ತಾರೆ, ಪ್ರಾಧ್ಯಾಪಕಿ ಪೇಶೆಂಟಕ್ಕನ ಕೈ ನೋಡುತ್ತಾರೆ. ಕೈ ತೊಡೆಯ ಮೇಲೇ ಇದೆ. ಅತ್ತ ಆ ಹುಡುಗಿ, ಎಲ್ಲಿಯವಳೋ, ಏನು ತಿಳಿದುಕೊಂಡಳೋ, ಮೌನ ತುಂಬಲು ಅವಸರಪಡದೆ ಸುಮ್ಮನೆ ಕೂತೇ ಇದ್ದಾಳೆ.

"ಅಂದ್ರೆ ಏನು ಡಾಕ್ಟ್ರೇ?" ಎನ್ನುತ್ತಾನೆ ಮುದುಕ, ಕೊನೆಗೂ.

ಪಾಠ ಮುಗಿಯುತ್ತದೆ. ಹೆಡ್‌ಸೆಟ್ ತೆಗೆದು, ಮುಖ ಒರೆಸಿಕೊಂಡು, ಪೇಶೆಂಟಕ್ಕ ಆ ಹುಡುಗಿಗೆ ಪೂರ್ತಿ ಅಂಕ ಕೊಡುತ್ತಾರೆ. ಪ್ರಾಧ್ಯಾಪಕಿ ಹತ್ತಿರ ಬಂದು ಅವರ ಬೆನ್ನ ಮೇಲೆ ಕೈಯಿಡುತ್ತಾರೆ. "ಸಾಕಲ್ವಾ ಅಕ್ಕ?"

"ಸಾಕಾಗಿಲ್ಲ ಮೇಡಂ. ಏನು ಸರಿಯಿಲ್ಲ ಅಂತ ಸಿಕ್ತು ನಂಗೆ." ಅವರು ಕೇಬಲಣ್ಣನ ಕಡೆ ತಿರುಗುತ್ತಾರೆ. "ನಿನ್ನ ಕುರ್ಚಿ ಎಳೆದ್ರೆ ಸದ್ದೇ ಆಗಲ್ಲ."

"ಸದ್ದು ಬೇಡ ಅಂತಾನೇ ಹಾಕ್ಲಿಲ್ಲ ಅಕ್ಕ."

"ಹಾಕು. ಕರ್ರ್ ಅನ್ಬೇಕು, ಮೈ ಜುಮ್ ಅನ್ಬೇಕು. ಈ ಹುಡುಗ್ರು ಇಲ್ಲಿ ಎಳೆದು ಎಳೆದು ಅಭ್ಯಾಸ ಮಾಡ್ಕೊಂಡು ಹೋಗಿ, ನಿಜವಾದ ಆಸ್ಪತ್ರೇಲಿ ಕಬ್ಬಿಣದ ಸ್ಟೂಲನ್ನೂ ಹಾಗೇ ಎಳೀತಾರೆ. ಬಾಯಿ ಬಿಡೋಕ್ಕೆ ಮುಂಚೆನೇ ಸುದ್ದಿ ತಿಳಿದುಹೋಗತ್ತೆ. ಕುರ್ಚಿ ಕೇಳಿ ಹಾಕ್ಸಿದ್ದು ನಾನು, ತಪ್ಪು ನಂದೇ. ಸದ್ದು ಬಂದ್ರೆ ಎತ್ತಿ ಇಡೋದನ್ನ ಕಲೀತಾರೆ."

ಪ್ರಾಧ್ಯಾಪಕಿ ಬೋರ್ಡಿನ ಬಳಿ ಹೋಗಿ, ಮುಂದಿನ ವಾರದ 'ಸುದ್ದಿ'ಯ ಎದುರು 'ಅಕ್ಕ' ಎಂದು ಬರೆಯುತ್ತಾರೆ.

ರಸ್ತೆಯಾಚೆಗಿನ ಆಸ್ಪತ್ರೆಯಲ್ಲಿ ಗಂಡನ ಕೈಗೆ ಆಗಲೇ ಡ್ರಿಪ್ ಹಾಕಿದ್ದಾರೆ. ತಲೆಗೂದಲು ಉದುರಿ ಟೋಪಿ ಸಡಿಲವಾಗಿದೆ. ಹೆಂಡತಿಯ ಕೆಂಪಗಿನ ಕಣ್ಣು, ಹಣೆಯ ಮೇಲೆ ಹೆಡ್‌ಸೆಟ್ ಒತ್ತಿದ ಗೆರೆ, ಎರಡನ್ನೂ ಅವರು ನೋಡುತ್ತಾರೆ. ಏಳು ವಾರಗಳ ಮೇಲೆ ಮೊದಲ ಬಾರಿಗೆ ಕೇಳುತ್ತಾರೆ:

"ಇವತ್ತೇನು ಕಾಯಿಲೆ ನಿಂದು?"

"ನಿಮ್ಮದೇ."

"ಹೌದಾ?" ಅವರು ದಿಂಬಿಗೆ ಒರಗುತ್ತಾರೆ. "ಮತ್ತೆ? ಡಾಕ್ಟ್ರು ಪಾಸಾ?"

"ಇವತ್ತಿನವಳೂ ಪಾಸು, ಅವತ್ತಿನ ಹುಡುಗನೂ ಪಾಸು. ಕುರ್ಚಿ ಒಂದು ಫೇಲು. ಮುಂದಿನ ವಾರ ಮತ್ತೆ ಪರೀಕ್ಷೆ ಇಟ್ಕೊಂಡಿದ್ದೀನಿ," ಎನ್ನುತ್ತ ಪೇಶೆಂಟಕ್ಕ ಗೋಡೆ ಪಕ್ಕದ ಸ್ಟೂಲನ್ನು ಎರಡೂ ಕೈಯಿಂದ ಎತ್ತಿ, ಗಂಡನ ಹತ್ತಿರ ಮೆಲ್ಲಗೆ ಇಟ್ಟು ಕೂರುತ್ತಾರೆ.