ಮಂಜಿನೊಳಗೆ ಒಂದು ಪೆಟ್ಟು

ನಮ್ಮ ನೀಲಾ ಸಿಕ್ಕಳು! ಮೈಮೇಲೆ ಒಂದು ತರಚು ಗಾಯವೂ ಇಲ್ಲದೆ ಸಿಕ್ಕಳು. ಎಲ್ಲಿ ಕಳೆದಿದ್ದಳು, ಹೇಗೆ ಸಿಕ್ಕಳು ಅನ್ನುವುದು ಆಮೇಲೆ; ಮೊದಲು ಇದನ್ನು ಬರೆಯದಿದ್ದರೆ ನನ್ನ ಕೈ ಮುಂದೆ ಹೋಗುವುದಿಲ್ಲ. ಇಷ್ಟು ವರ್ಷವಾದರೂ ನೆನೆದರೆ ಎದೆ ಉಬ್ಬುತ್ತದೆ. ಎದುರಿಗೆ ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ ಹೇಳುತ್ತೇನೆ. ಕೇಳಿ ಕೇಳಿ ಸಾಕಾಗಿ ಮಗ ಅಂದ: "ಯವ್ವಾ, ಬರದಿಡು, ನಮ್ಮನ್ನ ಬಿಡು." ಮೂರನೆಯ ಇಯತ್ತೆ ಓದಿದ ಕೈ ಇದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಹದಿನೆಂಟು ವರ್ಷ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಕಲ್ಲು, ಹೊತ್ತಿದ್ದೇನೆ. ಖಣಿಯಲ್ಲಿ ದೆವ್ವ ಇದೆಯೆಂದು ಯಾರಾದರೂ ಹೆದರಿಸಿದರೆ, "ಇದ್ರ ಬರ್ಲಿ, ಎರಡು ಫರ್ಸಿ ಹೊತ್ತು ಹೋಗ್ಲಿ" ಅಂದು ನಗುತ್ತಿದ್ದೆ.

ಅದೇ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ ನಮ್ಮ ಯಜಮಾನರು ತೀರಿಕೊಂಡ ಮೇಲೆ, ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ಮಗ ಬಸವರಾಜನ ಕ್ವಾರ್ಟರ್ಸಿಗೆ ಬಂದೆ. ರೈಲ್ವೆಯವರಿಗೆ ಸಿಗುವ ಪಾಸಿನಲ್ಲಿ ವಿಧವೆ ತಾಯಿಯ ಹೆಸರೂ ಸೇರುತ್ತದೆ. ಬೇರೆಯವರು ತಿರುಪತಿಗೋ ಕಾಶಿಗೋ ಹೋದರೆ, ನನ್ನ ಮಗ, "ಪಾಸು ಎಲ್ಲಿತನಕ ಮುಟ್ಟತದ ಅಲ್ಲಿತನಕ ಹೋಗೋಣ" ಅಂದ. ಹಾಗೆ ಅವನು, ಸೊಸೆ ಕಸ್ತೂರಿ, ಅವರ ಐದು ವರ್ಷದ ಮಗಳು ನೀಲಾ ಮತ್ತು ನಾನು ಡಾರ್ಜಿಲಿಂಗ್ ಮುಟ್ಟಿದೆವು.

ನಮ್ಮಲ್ಲಿ ಕಲ್ಲು ನೆಲದೊಳಗಿರುತ್ತದೆ, ಇಳಿದು ನೋಡಬೇಕು. ಅಲ್ಲಿ ಕಲ್ಲು ಆಕಾಶಕ್ಕೆ ನಿಂತಿತ್ತು, ಕತ್ತೆತ್ತಿ ನೋಡಬೇಕು. ಎರಡು ದಿನ ಬೌದ್ಧರ ಮಠಗಳನ್ನು ಸುತ್ತಿದೆವು. ಸಾಲುಸಾಲು ದೀಪ, ಕೈಯಿಂದ ತಿರುಗಿಸುವ ಹಿತ್ತಾಳೆಯ ಚಕ್ರ, ಕೆಂಪು ಬಟ್ಟೆಯ ನಗುಮುಖದ ಸ್ವಾಮಿಗಳು. ಒಂದು ಮಠದಲ್ಲಿ ಬೆಣ್ಣೆ ಹಾಕಿದ ಚಹಾ ಕೊಟ್ಟರು. ಒಂದು ಗುಟುಕು ಕುಡಿದು ಕಸ್ತೂರಿ ನನ್ನ ಕಿವಿಯಲ್ಲಿ, "ಅತ್ತಿ, ಸಕ್ಕರಿ ಅಂತ ತಿಳದು ಉಪ್ಪು ಹಾಕ್ಯಾರ್ರೀ" ಅಂದಳು.

"ಸುಮ್ಮ ಕುಡಿ. ಮಠದ ಪ್ರಸಾದ."

"ಹಂಗಾದ್ರ ನಂದೂ ನೀವೇ ಕುಡೀರಿ, ಪುಣ್ಯ ಬರ್ಲಿ" ಎಂದು ಬಟ್ಟಲು ನನ್ನ ಕಡೆ ಸರಿಸಿದಳು.

ಮೂರನೆಯ ಮಠ ಗುಡ್ಡದ ನೆತ್ತಿಯ ಮೇಲಿತ್ತು. ಮಧ್ಯಾಹ್ನದ ಹೊತ್ತು. ಗಂಡ ಹೆಂಡತಿ ಒಳಗೆ ಹೊರಟರು. ಒಳಗೆ ಬರುವುದಿಲ್ಲ ಎಂದು ನೀಲಾ ಹಟ ಮಾಡಿದ್ದಕ್ಕೆ ನಾನು ಅವಳೊಂದಿಗೆ ಅಂಗಳದಲ್ಲಿ ನಿಂತೆ.

"ಯವ್ವಾ, ಅಕಿ ಕೈ ಬಿಡಬ್ಯಾಡ. ಹಿಂದ ಕಮರಿ ಅದ."

"ಖಣಿ ದಂಡಿ ಮ್ಯಾಲೆ ನಿನ್ನ ಬೆಳಸೀನಿ. ನನಗ ಕಲಸ್ತಿಯೇನು? ಹೋಗು."

ಹೀಗೆ ದೊಡ್ಡದಾಗಿ ಅಂದೆನಲ್ಲ, ಆಮೇಲೆ ಮಾಡಿದ್ದೇನು ಗೊತ್ತೆ? ಅಂಗಳಕ್ಕೆ ಹಾಸಿದ ಕಲ್ಲು ಕಣ್ಣಿಗೆ ಬಿತ್ತು. ನಮ್ಮ ಫರ್ಸಿಯ ಹಾಗೆ ಇದೂ ಪದರು ಬಿಡುತ್ತದೆಯೋ ಎಂದು ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಅಂಚು ತಡವಿದೆ. ತಲೆ ಎತ್ತಿದಾಗ ಮಂಜು ಅಂಗಳದೊಳಗೆ ಬಂದುಬಿಟ್ಟಿತ್ತು. ನೀಲಾ ಇರಲಿಲ್ಲ.

ಕೂಗಿದೆ. ನನ್ನ ಕೂಗು ಬಾಯಿಂದಾಚೆ ಎರಡು ಮೊಳವೂ ಹೋದಂತೆ ಅನಿಸಲಿಲ್ಲ. ಒಬ್ಬ ಮುದಿ ಸ್ವಾಮಿಗಳು ಎದುರಾದರು. "ಛೋಟೀ ಲಡಕೀ ದೇಖೇ ಕ್ಯಾ?" ಎಂದು ನಮ್ಮ ಕಡೆಯ ಹಿಂದಿಯಲ್ಲೇ ಕೇಳಿದೆ. ಅವರು ಕೈಯಲ್ಲಾಡಿಸಿ ಉಳಿದವರನ್ನು ಕರೆದರು. ಮಗ ಓಡಿ ಬಂದ, "ಯವ್ವಾ, ನೀ..." ಅಂದವನು ನೀಲಾಳ ಹೆಸರು ಕೂಗುತ್ತ ಅತ್ತಿತ್ತ ಓಡಿದ. ಕಸ್ತೂರಿ ನನ್ನ ಖಾಲಿ ಕೈ ನೋಡಿದಳು, ಅಷ್ಟೆ. ಬೈದಿದ್ದರೆ ಬದುಕುತ್ತಿದ್ದೆ.

ಖಣಿಯಲ್ಲಿ ಆಳಕ್ಕೆ ಇಳಿದವರಿಗೆ ಕೂಗು ಕೇಳುವುದಿಲ್ಲ. ಊಟ ಒಯ್ದ ಹೆಂಗಸರು ಮೇಲಿನ ಕಲ್ಲಿಗೆ ಎರಡು ಪೆಟ್ಟು ಹೊಡೆದು ಕರೆಯುತ್ತೇವೆ. ಕೇಳಿಸಿತು ಎನ್ನಲು ಕೆಳಗಿನವರು ಸುತ್ತಿಗೆಯಿಂದ ಒಂದೇ ಪೆಟ್ಟು ಹೊಡೆಯುತ್ತಾರೆ. ಬುದ್ಧಿ ನಿಂತಾಗ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡುತ್ತದೆ. ಒಂದು ಗುಂಡುಕಲ್ಲು ಎತ್ತಿಕೊಂಡು ಮೆಟ್ಟಿಲಿಗೆ ಎರಡು ಸಲ ಕುಟ್ಟಿದೆ.

ಮಂಜಿನೊಳಗಿಂದ ಒಂದು ಪೆಟ್ಟು ಬಂತು. ಠಣ್!

ಅದು ಕಲ್ಲಿಗೆ ಕಲ್ಲು ತಾಗಿದ ಸಪ್ಪಳವಲ್ಲ, ಸುತ್ತಿಗೆಯದು. ಜನ್ಮವೆಲ್ಲ ಕೇಳಿದ್ದೇನೆ. ನಾಲ್ಕು ಹೆಜ್ಜೆ ಇಟ್ಟು ಬಂಡೆಗೆ ಮತ್ತೆ ಎರಡು ಹೊಡೆದೆ. ಮತ್ತೆ ಒಂದು ಬಂತು, ಕೆಳಗಿನಿಂದ. ಹಾಗೆ ಕುಟ್ಟುತ್ತ, ಕೇಳುತ್ತ, ಮಠದ ಹಿಂದೆ ಗಿಡಗಂಟಿ ಹಿಡಿದು ಇಳಿದೆ. ಅಕ್ಷರ ಕೊರೆದ ಕಲ್ಲುಗಳನ್ನು ಪೇರಿಸಿದ ಗೋಡೆಯೊಂದಿತ್ತು. ಅದಕ್ಕೆ ಒರಗಿ ನಮ್ಮ ನೀಲಾ ಕೂತಿದ್ದಳು! ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳಿಂದ ಮೂರು ಮಾರು ಮುಂದೆ ನೆಲವೇ ಇರಲಿಲ್ಲ.

"ಆಯಿ, ಯಾಕ ಅಳಲಿಕತ್ತಿ?"

"ನೀ ಇಲ್ಲಿ ಯಾಕ ಕುಂತಿ, ನನ್ನವ್ವ?"

"ಮುಂದ ಯಾರೋ ಕಲ್ಲು ಒಡಿಲಿಕತ್ಯಾರ. ಚೂರು ಕಣ್ಣಾಗ ಬೀಳತಾವು, ಹತ್ರ ಹೋಗಬಾರದು ಅಂತ ನೀನೇ ಹೇಳಿದ್ದಿಯಲ್ಲ?"

ಅವಳು ಬೆರಳು ತೋರಿಸಿದ್ದು ಕಮರಿಯ ಕಡೆಗೆ.

ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, "ಸಿಕ್ಕಳು! ಸಿಕ್ಕಳು!" ಎಂದು ಅರಚುತ್ತ ಮೇಲೆ ಬಂದೆ. ಆ ವಯಸ್ಸಿನಲ್ಲಿ ಆ ಏರು ಹೇಗೆ ಹತ್ತಿದೆನೋ! ಸ್ವಾಮಿಗಳು ಕೈತಟ್ಟಿ ನಕ್ಕರು. ಒಬ್ಬರು ಒಳಗೆ ಓಡಿ ದೊಡ್ಡ ನಗಾರಿ ಬಾರಿಸಿಯೇಬಿಟ್ಟರು. ಗುಡ್ಡವೆಲ್ಲ ನನ್ನ ಮೊಮ್ಮಗಳಿಗಾಗಿ ಗುಡುಗಿತು.

ಕಲ್ಲು ಒಡೆಯುವವರು ಯಾರೆಂದು ಮಗನಿಂದ ಕೇಳಿಸಿದೆ. ಅಕ್ಷರ ಕೊರೆಯುವವನು ಊರಿಗೆ ಹೋಗಿ ತಿಂಗಳಾಯಿತು, ಬೇರೆ ಯಾರೂ ಇಲ್ಲ ಅಂದರು ಮುದಿ ಸ್ವಾಮಿಗಳು. ಮಗ, "ಅದು ಗುಡ್ಡದ ಮಾರ್ದನಿ, ಯವ್ವಾ" ಅನ್ನುತ್ತಾನೆ. ಇರಬಹುದು. ಆದರೆ ಎರಡು ಕೊಟ್ಟರೆ ಎರಡು ತಿರುಗಿ ಬರಬೇಕಲ್ಲ? ನನಗೆ ಬಂದದ್ದು ಒಂದೇ. ನಮ್ಮ ಯಜಮಾನರು ಹಾಗೆ ಉತ್ತರ ಕೊಡುತ್ತಿದ್ದರು, ನಿಜ. ಖಣಿಯಲ್ಲಿ ಎಲ್ಲರೂ ಹಾಗೆಯೇ ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ, ಹೇಳಿದರೆ ಸುಳ್ಳಾದೀತು.

ಆ ಸಂಜೆ ಇಳಿದುಕೊಂಡಿದ್ದ ಕೋಣೆಯಲ್ಲಿ ಕಸ್ತೂರಿ ಗಂಟು ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಗ ಪೇಟೆಯಿಂದ ತಂದ ಮೊಸರು. ನಾನು ಗೋಡೆಗೆ ಸರಿದು, ಕೈ ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದೆ. ಮಧ್ಯಾಹ್ನದಿಂದ ಮಗಳನ್ನು ಸೊಂಟದಿಂದ ಇಳಿಸದಿದ್ದ ಕಸ್ತೂರಿ ಎದ್ದು ಬಂದು, ಅವಳನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

"ಹಿಡ್ಕೋರಿ ಅತ್ತಿ. ನಾ ರೊಟ್ಟಿ ಮುರೀತೀನಿ."

ನಾಲ್ವರೂ ಒಂದೇ ತಾಟಿನ ಸುತ್ತ ಕೂತು, ತಿರುಗಿ ಬರುವ ದಾರಿಗೆಂದು ಎತ್ತಿಟ್ಟಿದ್ದ ರೊಟ್ಟಿಯನ್ನೂ ಬಿಡದೆ ತಿಂದೆವು.